ದಾಳಿಂಬೆ: ಡಿಎನ್‌ಎ ಮಾರ್ಕರ್‌ಗಳು ಮತ್ತು ರಾಸಾಯನಿಕ ಗುಣಗಳು

ಡಿಎನ್‌ಎ ಮಾರ್ಕರ್ ಎಂದರೆ ಒಂದು ತಳಿಗೂ ಇನ್ನೊಂದಕ್ಕೂ ವ್ಯತ್ಯಾಸ ತೋರುವ, ಪ್ರಯೋಗಾಲಯದಲ್ಲಿ ಪತ್ತೆಹಚ್ಚಬಹುದಾದ ಡಿಎನ್‌ಎ ತುಣುಕು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ಒಣಹವೆಗೆ ಒಗ್ಗಿದ ದಾಳಿಂಬೆಗೆ ಇದರ ಅಗತ್ಯ ಹೆಚ್ಚು. ಜನಪ್ರಿಯ ಭಗವಾ ತಳಿಯನ್ನು ಬೀಜದಿಂದಲ್ಲ, ಗೂಟಿ ಕಟ್ಟಿ ಬೆಳೆಸುತ್ತಾರೆ. ಹೀಗಾಗಿ ತೋಟದ ಎಲ್ಲ ಗಿಡಗಳೂ ಆನುವಂಶಿಕವಾಗಿ ಹೆಚ್ಚುಕಡಿಮೆ ಒಂದೇ. ದುಂಡಾಣು ಅಂಗಮಾರಿ ರೋಗಕ್ಕೆ ಒಂದು ಗಿಡ ತುತ್ತಾಗುವಂತಿದ್ದರೆ ಉಳಿದವೂ ಅಷ್ಟೇ. ಬೇರೆ ರಕ್ತ ಬೆರೆಸಬೇಕಾದರೆ ಮೊದಲು ತಳಿಗಳ ನಂಟು ತಿಳಿಯಬೇಕು.

ಆ ನಂಟು ಹತ್ತಿರದ್ದು. ಪುಣೆಯಲ್ಲಿ ಆಯ್ದ ಗಣೇಶ್ ಮತ್ತು ಕೆಂಪು ಕಾಳಿನ ಗುಲ್-ಎ-ಶಾ ತಳಿಗಳ ಸಂಕರದಿಂದಲೇ ಮೃದುಲಾ, ಆರಕ್ತಾ, ಭಗವಾ ಮೂರೂ ಬಂದಿವೆ. ಡಿಎನ್‌ಎ ಸಸ್ಯಕುಟುಂಬದ ನಂಟನ್ನೂ ತೋರಿಸಿದೆ: ಹಿಂದೆ ಪ್ಯೂನಿಕೇಸಿ ಎಂಬ ಪ್ರತ್ಯೇಕ ಕುಟುಂಬದಲ್ಲಿದ್ದ ದಾಳಿಂಬೆಯನ್ನು ಡಿಎನ್‌ಎ ಆಧಾರದ ಮೇಲೆ ಲೈತ್ರೇಸಿಗೆ ಸೇರಿಸಲಾಗಿದೆ. ಮದರಂಗಿಯೂ ಅದೇ ಕುಟುಂಬದ್ದು.

ಪರೀಕ್ಷೆಗೆ ಎಳೆ ಎಲೆ ಸಾಕು. ಆದರೆ ದಾಳಿಂಬೆ ಎಲೆಯಲ್ಲಿ ಟ್ಯಾನಿನ್ ಮತ್ತಿತರ ಪಾಲಿಫೀನಾಲ್‌ಗಳು ಹೇರಳ. ಅವು ಡಿಎನ್‌ಎಗೆ ಅಂಟಿಕೊಂಡು ಅದನ್ನು ಕಂದಾಗಿಸುತ್ತವೆ. ಡಿಎನ್‌ಎ ಪ್ರತಿಗಳನ್ನು ಹೆಚ್ಚಿಸುವ ಮುಂದಿನ ಪಿಸಿಆರ್ ಕ್ರಿಯೆಗೂ ಅಡ್ಡಿಯಾಗುತ್ತವೆ. ಆದ್ದರಿಂದ ಅವನ್ನು ಮೊದಲೇ ಬೇರ್ಪಡಿಸಬೇಕು. 1990ರಲ್ಲಿ ಬಂದ ಆರ್‌ಎಪಿಡಿ ಎಂಬ ಮಾರ್ಕರ್ ವಿಧಾನ ಅಗ್ಗವಾದರೂ ಅದರ ಫಲಿತಾಂಶ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಬದಲಾಗಬಹುದು. ಕೆಲವೇ ಡಿಎನ್‌ಎ ಅಕ್ಷರಗಳು ಸಾಲಾಗಿ ಮರುಕಳಿಸುವ ಜಾಗಗಳನ್ನು ನೋಡುವ ಎಸ್‌ಎಸ್‌ಆರ್ ಹೆಚ್ಚು ವಿಶ್ವಾಸಾರ್ಹ. ತಂದೆ, ತಾಯಿ ಎರಡೂ ಕಡೆಯಿಂದ ಬಂದ ರೂಪಗಳು ಅದರಲ್ಲಿ ಕಾಣುತ್ತವೆ. 2017ರಲ್ಲಿ ದಾಳಿಂಬೆಯ ಜೀನೋಮ್ ಪ್ರಕಟವಾದ ಮೇಲೆ ಹೊಸ ಮಾರ್ಕರ್‌ಗಳನ್ನು ಹುಡುಕುವುದು ಸುಲಭವಾಯಿತು.

ಕಾಳಿನ ಕೆಂಪಿಗೆ ಆಂಥೋಸಯಾನಿನ್‌ಗಳು ಕಾರಣ. ಸಿಪ್ಪೆಯ ಒಗರಿಗೆ ಪ್ಯೂನಿಕಲಾಜಿನ್‌ನಂಥ ಟ್ಯಾನಿನ್‌ಗಳು. ಇವುಗಳ ಪ್ರಮಾಣವನ್ನು ಮಾರ್ಕರ್ ಒಂದೇ ಹೇಳಲಾರದು. ಒಂದೇ ತಾಯಿಗಿಡದ ಗೂಟಿಗಳಿಂದ ಬಂದ ಗಿಡಗಳಲ್ಲೂ ಮೃಗ, ಹಸ್ತ, ಅಂಬೆ ಬಹಾರ್‌ಗಳ (ಹೂ ಬಿಡುವ ಹಂಗಾಮುಗಳ) ಹಣ್ಣಿನ ಬಣ್ಣ ಬೇರೆಯಾಗಬಹುದು. ತಂಪಿನಲ್ಲಿ ಬಲಿತ ಕಾಳು ಹೆಚ್ಚು ಕೆಂಪು. ನಂಟಿನ ನಕ್ಷೆಯ ಜೊತೆಗೆ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಅಳೆದ ರಾಸಾಯನಿಕ ವಿವರವನ್ನೂ, ಮಣ್ಣು ಮತ್ತು ಬಹಾರ್‌ನ ದಾಖಲೆಯನ್ನೂ ಇಡದ ಅಧ್ಯಯನ ಅರ್ಧವೇ ಸರಿ.

ಬೇರೆ ರಕ್ತ ಬೆರೆಸುವ ಕೆಲಸ ಈಗಾಗಲೇ ನಡೆದಿದೆ. ನೆರೆಯ ಮಹಾರಾಷ್ಟ್ರದ ಸೋಲಾಪುರದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಭಗವಾವನ್ನು ಗಣೇಶ್, ‘ನಾನಾ’ ಎಂಬ ದಾಳಿಂಬೆ ಮತ್ತು ಹಿಮಾಲಯದ ಹುಳಿ ಕಾಡುದಾಳಿಂಬೆ ‘ದಾರು’ವಿನ ಸಂತತಿಯೊಡನೆ ಬೆರೆಸಿ ‘ಸೋಲಾಪುರ ಲಾಲ್’ ರೂಪಿಸಿತು. 2017ರಲ್ಲಿ ಬಿಡುಗಡೆಯಾದ ಈ ತಳಿಯಲ್ಲಿ ಕಬ್ಬಿಣ, ಸತು ಮತ್ತು ‘ಸಿ’ ಜೀವಸತ್ವ ಭಗವಾಕ್ಕಿಂತ ಹೆಚ್ಚು.