ಕಾಲರಾ ವಿಷದ ನೆಲೆ

ಕಾಲರಾ ಬ್ಯಾಕ್ಟೀರಿಯದ ವಿಷವು ಅದರ ಒಡಲಿನಲ್ಲಿಯೇ ಅಡಗಿರುವುದೋ, ಅಥವಾ ಹೊರಕ್ಕೆ ಸ್ರವಿಸುವುದೋ ಎಂಬ ಪ್ರಶ್ನೆಯು ಮುಕ್ಕಾಲು ಶತಮಾನದಷ್ಟು ಕಾಲ ಇತ್ಯರ್ಥವಾಗದೆ ಉಳಿಯಿತು. 1884ರಲ್ಲಿಯೇ ರಾಬರ್ಟ್ ಕಾಖ್ ಅವರು ರೋಗಕ್ಕೆ ವಿಶಿಷ್ಟ ವಿಷವೊಂದು ಕಾರಣವೆಂದು ಊಹಿಸಿದ್ದರು. ಆದರೆ 1892ರಲ್ಲಿ ಅವರ ಸಹೋದ್ಯೋಗಿ ರಿಚರ್ಡ್ ಫೈಫರ್ ಅವರು, ಸತ್ತ ಬ್ಯಾಕ್ಟೀರಿಯಗಳೂ ಗಿನಿಯಿಲಿಗಳನ್ನು ಕೊಲ್ಲುವುದನ್ನು ಕಂಡು, ವಿಷವು ಕೋಶಕ್ಕೇ ಅಂಟಿಕೊಂಡದ್ದೆಂದು ಪ್ರತಿಪಾದಿಸಿದರು. ಅವರು ಕಂಡ ವಿಷವು ನಿಜವೇ. ಭೇದಿಗೆ ಮಾತ್ರ ಅದು ಕಾರಣವಲ್ಲ. ಬಹುಮಂದಿ ಪರೀಕ್ಷಕರು ಬ್ಯಾಕ್ಟೀರಿಯಗಳನ್ನು ಪ್ರಾಣಿಗಳ ರಕ್ತಕ್ಕೋ ಉದರಕ್ಕೋ ಚುಚ್ಚುತ್ತಿದ್ದರು. ಕರುಳಿನ ರೋಗವನ್ನು ಕರುಳಿನ ಹೊರಗೆ ಹುಡುಕಿದುದೇ ಈ ವಿಳಂಬಕ್ಕೆ ಮುಖ್ಯ ಕಾರಣವೆಂದು ನಾವು ಭಾವಿಸುತ್ತೇವೆ.

ಕಲ್ಕತ್ತೆಯ ಶಂಭುನಾಥ ಡೇ ಅವರು 1953ರಲ್ಲಿ ಮೊಲದ ಸಣ್ಣಕರುಳಿನ ಒಂದು ಭಾಗವನ್ನು ಎರಡೂ ಕಡೆ ದಾರದಿಂದ ಬಿಗಿದು, ಅದರೊಳಕ್ಕೆ ಬ್ಯಾಕ್ಟೀರಿಯಗಳನ್ನು ಸೇರಿಸಿದರು. ಆ ಭಾಗವು ನೀರು ತುಂಬಿ ಉಬ್ಬಿತು. 1959ರಲ್ಲಿ ಅವರು ಬ್ಯಾಕ್ಟೀರಿಯಗಳನ್ನೆಲ್ಲ ಸೋಸಿ ತೆಗೆದ ಬರಿಯ ದ್ರವವನ್ನೇ ಪ್ರಯೋಗಿಸಿದರು. ಆಗಲೂ ಕರುಳು ಹಾಗೆಯೇ ಉಬ್ಬಿತು! ಭೇದಿಯನ್ನುಂಟುಮಾಡುವ ವಿಷವು ಕೋಶದ ಹೊರಗಿದ್ದಿತೆಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷ್ಯ ಬೇಕಿರಲಿಲ್ಲ.

ಅದು ಹೊರಬರುವ ಮಾರ್ಗವು ತಿಳಿಯಲು ಮತ್ತೆ ಮೂರು ದಶಕಗಳಾದರೂ ಬೇಕಾದುವು. ಈ ಬ್ಯಾಕ್ಟೀರಿಯಕ್ಕೆ ಎರಡು ಪೊರೆಗಳು. ವಿಷದ ಪ್ರೋಟೀನಿನ ಎಳೆಗಳು ಮಡಿಸಿಕೊಳ್ಳದೆಯೇ ಒಳಪೊರೆಯನ್ನು ದಾಟುತ್ತವೆ. ಎರಡು ಪೊರೆಗಳ ನಡುವೆ 'ಎ' ಎಂಬ ಒಂದು ಘಟಕವೂ 'ಬಿ' ಎಂಬ ಐದು ಘಟಕಗಳೂ ಕೂಡಿ ಪೂರ್ಣ ವಿಷವಾಗುತ್ತದೆ. ಬಳಿಕ ಹನ್ನೆರಡಕ್ಕೂ ಹೆಚ್ಚು ಬಗೆಯ ಪ್ರೋಟೀನುಗಳಿಂದಾದ ಯಂತ್ರವೊಂದು ಅದನ್ನು ಇಡಿಯಾಗಿಯೇ ಹೊರಪೊರೆಯ ದ್ವಾರದಿಂದ ಹೊರದೂಡುತ್ತದೆ. ಈ ಯಂತ್ರವು ಕೆಟ್ಟರೆ ವಿಷವು ಪೊರೆಗಳ ನಡುವೆಯೇ ಸಿಕ್ಕಿಬೀಳುತ್ತದೆ.