ಪಾಸ್‌ವರ್ಡ್ ಸರಿಯಿದ್ದರೂ ಲಾಗಿನ್ ಆಗುತ್ತಿಲ್ಲವೇ? ಸರ್ವರ್‌ನ ಗಡಿಯಾರ ನೋಡಿ

ಇಂಟರ್‌ನೆಟ್ ಸಂಪರ್ಕವಿರುವ ಕಂಪ್ಯೂಟರ್ ಯಾವಾಗಲೂ ಸರಿಯಾದ ಸಮಯವನ್ನೇ ತೋರಿಸುತ್ತದೆ ಎಂದು ನಾವೆಲ್ಲ ನಂಬಿರುತ್ತೇವೆ. ಇದು ಅರ್ಧ ಸತ್ಯ. ಸಮಯ ಹೊಂದಿಸುವ ತಂತ್ರಾಂಶ ಎಂದೋ ಸದ್ದಿಲ್ಲದೆ ನಿಂತಿರಬಹುದು. ಆಗ ಬರುವ ದೂರುಗಳಲ್ಲಿ ಗಡಿಯಾರದ ಸುದ್ದಿಯೇ ಇರುವುದಿಲ್ಲ. ಲಾಗಿನ್ ಆಗುತ್ತಿಲ್ಲ, ಅಥೆಂಟಿಕೇಟರ್ ಆ್ಯಪ್‌ನ ಕೋಡ್ ತಪ್ಪು ಎನ್ನುತ್ತಿದೆ, ಭದ್ರತಾ ಪ್ರಮಾಣಪತ್ರದ ಅವಧಿ ಮುಗಿದಿದೆ ಎನ್ನುತ್ತಿದೆ ಎಂಬ ದೂರುಗಳೇ ಬರುತ್ತವೆ.

ಗಡಿಯಾರ ತಪ್ಪುವುದೇಕೆ?

ಕಂಪ್ಯೂಟರ್ ಸಮಯ ಎಣಿಸುವುದು ಕ್ವಾರ್ಟ್ಸ್ ಹರಳಿನ ಕಂಪನದಿಂದ. ಉಷ್ಣತೆ ಬದಲಾದಾಗ, ಹರಳು ಹಳೆಯದಾದಾಗ ಈ ಕಂಪನವೂ ತುಸು ಬದಲಾಗುತ್ತದೆ. 10 ಲಕ್ಷದಲ್ಲಿ 20 ಭಾಗದಷ್ಟು ತಪ್ಪಿದರೆ ದಿನಕ್ಕೆ ಸುಮಾರು 1.7 ಸೆಕೆಂಡ್ ವ್ಯತ್ಯಾಸ, ಆರು ತಿಂಗಳಿಗೆ 5 ನಿಮಿಷ. ಅನೇಕ ಕಚೇರಿಗಳ ಲಾಗಿನ್ ವ್ಯವಸ್ಥೆಯಾದ ಕರ್ಬೆರೋಸ್ ಸಾಮಾನ್ಯವಾಗಿ ಸಹಿಸುವುದು 5 ನಿಮಿಷವನ್ನಷ್ಟೇ. ತಿಂಗಳುಗಟ್ಟಲೆ ಸರಿಯಿದ್ದ ಸರ್ವರ್ ಒಂದು ದಿನ ದಿಢೀರನೆ ಯಾರನ್ನೂ ಒಳಗೆ ಬಿಡದಿರಲು ಇದೂ ಒಂದು ಕಾರಣ.

ಈ ತಪ್ಪನ್ನು ತಿದ್ದಲೆಂದೇ ಇರುವುದು ಎನ್‌ಟಿಪಿ ಎಂಬ ನಿಯಮಾವಳಿ. ಅಮೆರಿಕದ ಡೇವಿಡ್ ಮಿಲ್ಸ್ ರೂಪಿಸಿದ ಇದರ ಮೊದಲ ವಿವರಣೆ ಪ್ರಕಟವಾದದ್ದು 1985ರಲ್ಲಿ. ಸಮಯ ಕೇಳಿದ ಸಂದೇಶ ಹೋಗಿ ಉತ್ತರ ಬರಲು ಹಿಡಿದ ವೇಳೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಅದು ವ್ಯತ್ಯಾಸವನ್ನು ಅಳೆಯುತ್ತದೆ.

ಎಷ್ಟು ತಪ್ಪಿದೆ ಎಂಬುದೇ ಮೊದಲ ಸುಳಿವು

• ಸರಿಯಾಗಿ ಐದೂವರೆ ಗಂಟೆ ವ್ಯತ್ಯಾಸವಿದ್ದರೆ ಅದು ಟೈಮ್ ಝೋನ್ ಗೊಂದಲ. ಭಾರತೀಯ ಸಮಯ ಯುಟಿಸಿಗಿಂತ ಅಷ್ಟೇ ಮುಂದಿದೆ. ಮುಳ್ಳು ತಿರುಗಿಸುವ ಮೊದಲು ಸೆಟ್ಟಿಂಗ್ ನೋಡಿ.
• ಆಫ್ ಮಾಡಿ ಆನ್ ಮಾಡಿದಾಗ ವರ್ಷಗಟ್ಟಲೆ ಹಿಂದೆ ಹೋದರೆ ಮದರ್‌ಬೋರ್ಡ್‌ನ ನಾಣ್ಯದಾಕಾರದ ಬ್ಯಾಟರಿ ಮುಗಿದಿರಬಹುದು.
• ದಿನದಿಂದ ದಿನಕ್ಕೆ ಸ್ವಲ್ಪಸ್ವಲ್ಪವೇ ಹೆಚ್ಚುತ್ತಿದ್ದರೆ ಸಿಂಕ್ ನಿಂತಿದೆ.
• ವರ್ಚುವಲ್ ಮಷೀನ್ ಒಮ್ಮೆಲೇ ಹಿಂದೆ ಬಿದ್ದಿದ್ದರೆ ಅದನ್ನು ಕೆಲಹೊತ್ತು ತಡೆಹಿಡಿದು ಮತ್ತೆ ಚಾಲೂ ಮಾಡಿರಬಹುದು.

ಸಿಂಕ್ ನಿಂತಿದ್ದರೆ

ಲಿನಕ್ಸ್ ಸರ್ವರ್‌ಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಕ್ರೋನಿ. ಅದರ 'ಸೋರ್ಸಸ್' ಪಟ್ಟಿಯಲ್ಲಿ 'ರೀಚ್' ಎಂಬ ಕಾಲಂ ಇರುತ್ತದೆ. ಅಲ್ಲಿ 377 ಎಂದಿದ್ದರೆ ಕೊನೆಯ ಎಂಟು ವಿಚಾರಣೆಗಳಿಗೂ ಉತ್ತರ ಬಂದಿದೆ. 0 ಇದ್ದರೆ ಒಂದಕ್ಕೂ ಬಂದಿಲ್ಲ. ಆಗ ಮೊದಲು ಫೈರ್‌ವಾಲ್ ನೋಡಿ. ಎನ್‌ಟಿಪಿ ಬಳಸುವ ಯುಡಿಪಿ 123ನೇ ಪೋರ್ಟ್ ಮುಚ್ಚಿರಬಹುದು.

ಉತ್ತರ ಬರುತ್ತಿದ್ದರೂ ಸಮಯ ಹೊಂದದಿದ್ದರೆ ಎರಡು ಸಿಂಕ್ ತಂತ್ರಾಂಶಗಳು ಒಟ್ಟಿಗೆ ನಡೆಯುತ್ತಿವೆಯೇ ನೋಡಿ. ಸಮಯದ ಮೂಲಗಳು ಎರಡೇ ಇದ್ದು ಅವು ಬೇರೆಬೇರೆ ಸಮಯ ಹೇಳಿದರೆ ಯಾವುದು ಸರಿ ಎಂದು ತಿಳಿಯುವ ದಾರಿಯಿಲ್ಲ. ಆದ್ದರಿಂದ ನಾಲ್ಕು ಮೂಲಗಳಿದ್ದರೆ ಒಳ್ಳೆಯದು. ವಿಂಡೋಸ್ ಡೊಮೇನ್‌ನಲ್ಲಿರುವ ಯಂತ್ರಗಳು ಡೊಮೇನ್ ಕಂಟ್ರೋಲರ್‌ನಿಂದ ಸಮಯ ಪಡೆಯುತ್ತವೆ. ಅಲ್ಲಿ ಎಲ್ಲ ಯಂತ್ರಗಳೂ ತಪ್ಪು ಸಮಯ ತೋರಿಸುತ್ತಿದ್ದರೆ ಕಂಟ್ರೋಲರನ್ನೇ ಮೊದಲು ಸರಿಪಡಿಸಬೇಕು.

ತಿದ್ದುವಾಗ ಅವಸರ ಬೇಡ

ಮುಂದೆ ಓಡಿದ ಗಡಿಯಾರವನ್ನು ಒಮ್ಮೆಲೇ ಹಿಂದಕ್ಕೆ ತಿರುಗಿಸಿದರೆ ಕಳೆದುಹೋದ ನಿಮಿಷಗಳು ಮತ್ತೊಮ್ಮೆ ಬರುತ್ತವೆ. ಡೇಟಾಬೇಸ್‌ನಲ್ಲಿ ಆಮೇಲೆ ಬರೆದ ದಾಖಲೆ ಮೊದಲಿನದಕ್ಕಿಂತ ಹಳೆಯದಾಗಿ ಕಾಣಿಸಬಹುದು. ಅದಕ್ಕೇ ಕ್ರೋನಿ ಸಾಮಾನ್ಯವಾಗಿ ಗಡಿಯಾರದ ವೇಗವನ್ನು ತುಸು ಹೆಚ್ಚುಕಡಿಮೆ ಮಾಡಿ ನಿಧಾನವಾಗಿ ಹಾದಿಗೆ ತರುತ್ತದೆ. ವ್ಯತ್ಯಾಸ ಬಹಳವಿದ್ದರೆ ಇದು ತುಂಬ ಹೊತ್ತು ಹಿಡಿಯುತ್ತದೆ. ಹಾಗಿದ್ದಾಗ ಡೇಟಾಬೇಸ್ ಮತ್ತು ಇತರ ಸೇವೆಗಳನ್ನು ನಿಲ್ಲಿಸಿ, 'ಮೇಕ್‌ಸ್ಟೆಪ್' ಆಜ್ಞೆಯಿಂದ ಸಮಯ ಸರಿಪಡಿಸಿ, ಮತ್ತೆ ಆರಂಭಿಸುವುದು ಕ್ಷೇಮ. ಹಳೆಯ ಎನ್‌ಟಿಪಿಡಿ ತಂತ್ರಾಂಶವಂತೂ 1000 ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ತಾನೇ ಕೆಲಸ ನಿಲ್ಲಿಸಿಬಿಡುತ್ತದೆ.

ಕೆಲವು ನಿಮಿಷಗಳಿಗೆ ಇಷ್ಟೆಲ್ಲ ಏಕೆ?

ಸರ್ವರ್‌ಗೆ ಯಾರಾದರೂ ಕನ್ನ ಹಾಕಿದರೆ ತನಿಖೆಗೆ ಆಧಾರ ಲಾಗ್‌ಗಳೇ. ಒಂದೊಂದು ಯಂತ್ರ ಒಂದೊಂದು ಸಮಯ ಬರೆದಿದ್ದರೆ ಯಾವುದರ ನಂತರ ಯಾವುದು ನಡೆಯಿತೆಂದು ಹೇಳುವುದು ಕಷ್ಟ. ಹೀಗಾಗಿಯೇ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಲ್ಲಿ ಸಮಯದ ವಿಷಯವೂ ಇದೆ. ಎನ್‌ಐಸಿ ಅಥವಾ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಎನ್‌ಟಿಪಿ ಸರ್ವರ್‌ಗಳಿಗೆ, ಇಲ್ಲವೇ ಅವುಗಳನ್ನು ಅನುಸರಿಸುವ ಸರ್ವರ್‌ಗಳಿಗೆ ಗಡಿಯಾರ ಹೊಂದಿಸಬೇಕು ಎಂದು ಅದು ಹೇಳುತ್ತದೆ.

ಡಿಸ್ಕ್ ತುಂಬಿದರೆ ಎಚ್ಚರಿಸುವ ವ್ಯವಸ್ಥೆಯನ್ನು ನಾವು ಮಾಡಿಕೊಂಡಿರುತ್ತೇವೆ. ಗಡಿಯಾರ ಒಂದು ಸೆಕೆಂಡ್ ತಪ್ಪಿದರೂ ಎಚ್ಚರಿಸುವಂತೆ ಮಾಡಿಕೊಂಡರೆ, ಐದು ನಿಮಿಷ ತಪ್ಪುವ ದಿನ ಬರುವುದಿಲ್ಲ.