ಮಿತವ್ಯಯದ ಪ್ರೊಸೆಸರ್ ಆಯ್ಕೆ ಮತ್ತು ಓವರ್‌ಕ್ಲಾಕಿಂಗ್

ಓವರ್‌ಕ್ಲಾಕಿಂಗ್ ಎಂದರೆ ಗಣಕಯಂತ್ರದ ಪ್ರೊಸೆಸರನ್ನು ಅದರ ತಯಾರಕರು ನಿಗದಿಪಡಿಸಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ದುಡಿಸುವ ಕ್ರಮ. ಕಡಿಮೆ ಬೆಲೆಯ ಪ್ರೊಸೆಸರ್ ಕೊಂಡು, ಅದರಿಂದ ದುಬಾರಿ ಪ್ರೊಸೆಸರಿನ ಕೆಲಸ ತೆಗೆಯುವುದು ಇದರ ಮೂಲ ಉದ್ದೇಶ. ಹಳೆಯ ಗಣಕವನ್ನು ಉನ್ನತೀಕರಿಸುವವರು, ವಿಶೇಷವಾಗಿ ವಿದ್ಯಾರ್ಥಿಗಳು, ಪ್ರೊಸೆಸರ್ ಆರಿಸುವಾಗ ಈ ಸಾಧ್ಯತೆಯನ್ನೂ ಪರಿಗಣಿಸುವುದುಂಟು. ಆದರೆ ಓವರ್‌ಕ್ಲಾಕಿಂಗ್‌ನ ಫಲ ಪ್ರೊಸೆಸರನ್ನು ಮಾತ್ರ ಅವಲಂಬಿಸಿಲ್ಲ. ಮದರ್‌ಬೋರ್ಡ್, ತಂಪುಕಾರಕ, ವಿದ್ಯುತ್ ಪೂರೈಕೆ ಹಾಗೂ ಗಣಕ ಇರುವ ಊರಿನ ಹವಾಮಾನ ಇವೆಲ್ಲವೂ ಅದನ್ನು ನಿರ್ಧರಿಸುತ್ತವೆ. ಈ ಲೇಖನವು ಮೇಜಿನ ಗಣಕಗಳಿಗೆ ಸಂಬಂಧಿಸಿದೆ. ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರನ್ನು ಸಾಮಾನ್ಯವಾಗಿ ಬೋರ್ಡಿಗೆ ಬೆಸೆದಿರುವುದರಿಂದ ಅದನ್ನು ಬದಲಿಸಲಾಗದು.

ಕಾರ್ಯತತ್ತ್ವ

ಪ್ರೊಸೆಸರಿನ ಒಳಗಿನ ಎಲ್ಲ ಕ್ರಿಯೆಗಳೂ ಒಂದು ವಿದ್ಯುತ್ ಮಿಡಿತಕ್ಕೆ ಹೊಂದಿಕೊಂಡು ನಡೆಯುತ್ತವೆ. ಒಂದು ಸೆಕೆಂಡಿನಲ್ಲಿ ಎಷ್ಟು ಮಿಡಿತಗಳು ಆಗುತ್ತವೆ ಎಂಬುದೇ ಕ್ಲಾಕ್ ವೇಗ. ಇದು ಮೂಲ ಆವರ್ತನ ಮತ್ತು ಗುಣಕ ಎಂಬ ಎರಡು ಸಂಖ್ಯೆಗಳ ಗುಣಲಬ್ಧ. ಮೂಲ ಆವರ್ತನ 100 ಮೆಗಾಹರ್ಟ್ಸ್, ಗುಣಕ 36 ಆಗಿದ್ದರೆ ವೇಗ 3.6 ಗಿಗಾಹರ್ಟ್ಸ್ ಆಗುತ್ತದೆ. ಗುಣಕವನ್ನು 40ಕ್ಕೆ ಏರಿಸಿದರೆ ಅದೇ ಪ್ರೊಸೆಸರ್ 4 ಗಿಗಾಹರ್ಟ್ಸ್ ವೇಗದಲ್ಲಿ ಓಡತೊಡಗುತ್ತದೆ. ಗುಣಕವನ್ನು ಬದಲಿಸಲು ಅವಕಾಶವಿರುವ ಪ್ರೊಸೆಸರನ್ನು ‘ಅನ್‌ಲಾಕ್ಡ್’ ಎಂದೂ, ಅವಕಾಶವಿಲ್ಲದ್ದನ್ನು ‘ಲಾಕ್ಡ್’ ಎಂದೂ ಕರೆಯುತ್ತಾರೆ.

ವೇಗ ಹೆಚ್ಚಿದಂತೆ ಪ್ರೊಸೆಸರ್ ಸ್ಥಿರವಾಗಿ ನಡೆಯಲು ಹೆಚ್ಚಿನ ವೋಲ್ಟೇಜ್ ಬೇಕಾಗುತ್ತದೆ. ಪ್ರೊಸೆಸರ್ ಬಳಸುವ ವಿದ್ಯುತ್ತು ವೇಗದೊಡನೆ ನೇರ ಪ್ರಮಾಣದಲ್ಲಿಯೂ, ವೋಲ್ಟೇಜಿನೊಡನೆ ಅದರ ವರ್ಗದ ಪ್ರಮಾಣದಲ್ಲಿಯೂ ಏರುತ್ತದೆ. ವೇಗ ಮತ್ತು ವೋಲ್ಟೇಜ್ ಎರಡನ್ನೂ ಶೇಕಡಾ 10ರಷ್ಟು ಏರಿಸಿದರೆ ವಿದ್ಯುತ್ ಬಳಕೆ ಸುಮಾರು ಶೇಕಡಾ 33ರಷ್ಟು ಹೆಚ್ಚುತ್ತದೆ. ಬಳಕೆಯಾದ ವಿದ್ಯುತ್ತು ಶಾಖವಾಗಿ ಹೊರಬರುತ್ತದೆ. ಇತ್ತ ವೇಗದಲ್ಲಿ ದೊರೆಯುವ ಲಾಭ ಹೆಚ್ಚೆಂದರೆ ಶೇಕಡಾ 10. ಅಂದರೆ ಹತ್ತು ನಿಮಿಷ ಹಿಡಿಯುತ್ತಿದ್ದ ಲೆಕ್ಕಾಚಾರ 9 ನಿಮಿಷ 5 ಸೆಕೆಂಡಿನಲ್ಲಿ ಮುಗಿಯುತ್ತದೆ.

ಇತಿಹಾಸ

ಅಗ್ಗದ ಪ್ರೊಸೆಸರುಗಳ ಓವರ್‌ಕ್ಲಾಕಿಂಗ್ ಜನಪ್ರಿಯವಾದದ್ದು ಇಂಟೆಲ್ ಸಂಸ್ಥೆಯು 1998ರಲ್ಲಿ ಬಿಡುಗಡೆ ಮಾಡಿದ ಸೆಲೆರಾನ್ 300ಎ ಮೂಲಕ. ಅದರ ನಿಗದಿತ ವೇಗ 300 ಮೆಗಾಹರ್ಟ್ಸ್. ಗುಣಕ 4.5ಕ್ಕೆ ಸ್ಥಿರವಾಗಿದ್ದರೂ, ಮದರ್‌ಬೋರ್ಡಿನ ಮೂಲ ಆವರ್ತನವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದಾಗ ಅದು 450 ಮೆಗಾಹರ್ಟ್ಸ್ ವೇಗದಲ್ಲಿ ಓಡುತ್ತಿತ್ತು. ಹೀಗೆ ಅದು ತನಗಿಂತ ಹಲವು ಪಟ್ಟು ಬೆಲೆಯ ಪೆಂಟಿಯಂ 2 ಪ್ರೊಸೆಸರಿಗೆ ಸರಿಸಾಟಿಯಾಯಿತು. ಎ.ಎಂ.ಡಿ. ಸಂಸ್ಥೆಯು 2000ದಲ್ಲಿ ಹೊರತಂದ ಡ್ಯುರಾನ್ ಪ್ರೊಸೆಸರಿನ ಮೇಲ್ಮೈಯಲ್ಲಿದ್ದ ಸೂಕ್ಷ್ಮ ಸಂಪರ್ಕಬಿಂದುಗಳನ್ನು ಸೀಸದ ಪೆನ್ಸಿಲ್ಲಿನಿಂದ ಗೀಚಿ ಜೋಡಿಸಿದರೆ ಗುಣಕದ ಬೀಗ ತೆರೆಯುತ್ತಿತ್ತು. ಪೆನ್ಸಿಲ್ಲಿನ ಗ್ರಾಫೈಟ್ ವಿದ್ಯುದ್ವಾಹಕವಾಗಿರುವುದೇ ಇದಕ್ಕೆ ಕಾರಣ.

ಮುಂದೆ ತಯಾರಕರು ಗುಣಕದ ಬೀಗವನ್ನು ಮಾರಾಟದ ಸಾಧನವಾಗಿಯೂ ಬಳಸಿದರು. ಇಂಟೆಲ್ ತನ್ನ ದುಬಾರಿ ಮಾದರಿಗಳ ಹೆಸರಿಗೆ ‘ಕೆ’ ಅಕ್ಷರ ಸೇರಿಸಿ, ಅವುಗಳಿಗೆ ಮಾತ್ರ ಬೀಗವಿಲ್ಲದ ಗುಣಕವನ್ನು ನೀಡಿತು. ಪೆಂಟಿಯಂ ಹೆಸರಿಗೆ ಇಪ್ಪತ್ತು ವರ್ಷ ತುಂಬಿದ ನೆನಪಿಗಾಗಿ 2014ರಲ್ಲಿ ಬಂದ ಎರಡು ಕೋರ್‌ಗಳ ಪೆಂಟಿಯಂ ಜಿ3258 ಇದಕ್ಕೆ ಅಪವಾದವಾಗಿತ್ತು. ಎ.ಎಂ.ಡಿ. 2017ರಲ್ಲಿ ರೈಜೆನ್ ಸರಣಿಯನ್ನು ಆರಂಭಿಸಿದಾಗ, ಅಗ್ಗದ ರೈಜೆನ್ 3 1200 ಸೇರಿದಂತೆ ಅದರ ಮಾದರಿಗಳನ್ನು ಬೀಗವಿಲ್ಲದೆ ಮಾರಿತು. 2019ರ ಅಥ್ಲಾನ್ 3000ಜಿ ಕೂಡ ಇದೇ ಬಗೆಯದು.

ಈ ನಡುವೆ ಒಂದು ಮುಖ್ಯ ಬದಲಾವಣೆಯಾಯಿತು. ಇಂದಿನ ಪ್ರೊಸೆಸರುಗಳು ತಮ್ಮ ಉಷ್ಣತೆ ಮತ್ತು ವಿದ್ಯುತ್ ಮಿತಿಯನ್ನು ತಾವೇ ಅಳೆದುಕೊಂಡು ವೇಗವನ್ನು ತಾವಾಗಿಯೇ ಏರಿಸಿಕೊಳ್ಳುತ್ತವೆ. 2022ರ ರೈಜೆನ್ 5 5600ರ ಮೂಲವೇಗ 3.5 ಗಿಗಾಹರ್ಟ್ಸ್, ಅವಕಾಶವಿದ್ದಾಗ ಅದು 4.4 ಗಿಗಾಹರ್ಟ್ಸ್ ತಲುಪುತ್ತದೆ. ಹಿಂದೆ ಬಳಕೆದಾರ ಶ್ರಮಪಟ್ಟು ಗಳಿಸುತ್ತಿದ್ದ ವೇಗದ ಬಹುಪಾಲು ಈಗ ಕಾರ್ಖಾನೆಯಿಂದಲೇ ದೊರೆಯುತ್ತಿದೆ. ಆದ್ದರಿಂದ ಸೆಲೆರಾನ್ 300ಎ ಕಾಲದಂತೆ ಶೇಕಡಾ 50ರಷ್ಟು ಲಾಭವನ್ನು ಈಗ ನಿರೀಕ್ಷಿಸುವಂತಿಲ್ಲ.

ಆಯ್ಕೆಯ ಮಾನದಂಡಗಳು

ಸಾಕೆಟ್: ಪ್ರೊಸೆಸರ್ ಕೂರುವ ಜಾಗಕ್ಕೆ ಸಾಕೆಟ್ ಎನ್ನುತ್ತಾರೆ. ಸಾಕೆಟ್ ಹೊಂದದಿದ್ದರೆ ಮದರ್‌ಬೋರ್ಡನ್ನೂ, ಕೆಲವೊಮ್ಮೆ ರ‍್ಯಾಮನ್ನೂ ಬದಲಿಸಬೇಕಾಗಿ ವೆಚ್ಚ ಇಮ್ಮಡಿಯಾಗುತ್ತದೆ. ಎ.ಎಂ.ಡಿ.ಯ ಎಎಂ4 ಸಾಕೆಟ್ ರೈಜೆನ್ 1000 ಸರಣಿಯಿಂದ 5000 ಸರಣಿಯವರೆಗೆ ಬಾಳಿತು. 2022ರಲ್ಲಿ ಬಂದ ಎಎಂ5 ಸಾಕೆಟ್‌ಗೆ ಡಿ.ಡಿ.ಆರ್.5 ರ‍್ಯಾಮ್ ಕಡ್ಡಾಯ. ಇಂಟೆಲ್‌ನ ಎಲ್.ಜಿ.ಎ. 1700 ಸಾಕೆಟ್ 12, 13 ಮತ್ತು 14ನೆಯ ತಲೆಮಾರುಗಳಿಗೆ ಸಲ್ಲುತ್ತದೆ, ಅದರಲ್ಲಿ ಡಿ.ಡಿ.ಆರ್.4 ಹಾಗೂ ಡಿ.ಡಿ.ಆರ್.5 ಎರಡು ಬಗೆಯ ಬೋರ್ಡುಗಳೂ ಇವೆ. ಸಾಕೆಟ್ ಒಂದೇ ಎಂದ ಮಾತ್ರಕ್ಕೆ ಪ್ರೊಸೆಸರ್ ಹೊಂದುತ್ತದೆ ಎಂದು ತಿಳಿಯಬಾರದು. ಎಲ್.ಜಿ.ಎ. 1151 ಹೆಸರಿನ ಸಾಕೆಟ್ ಇದ್ದರೂ 6 ಮತ್ತು 7ನೆಯ ತಲೆಮಾರಿನ ಬೋರ್ಡುಗಳು 8 ಮತ್ತು 9ನೆಯ ತಲೆಮಾರಿನ ಪ್ರೊಸೆಸರುಗಳನ್ನು ಅಧಿಕೃತವಾಗಿ ಬೆಂಬಲಿಸುವುದಿಲ್ಲ. ಬೋರ್ಡ್ ತಯಾರಕರ ಜಾಲತಾಣದಲ್ಲಿರುವ ಬೆಂಬಲಿತ ಪ್ರೊಸೆಸರುಗಳ ಪಟ್ಟಿಯೇ ಅಂತಿಮ ಪ್ರಮಾಣ.

ಚಿಪ್‌ಸೆಟ್: ಬೀಗವಿಲ್ಲದ ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಲು ಬೋರ್ಡಿನ ಚಿಪ್‌ಸೆಟ್ ಕೂಡ ಅನುಮತಿಸಬೇಕು. ಎಎಂ4ರಲ್ಲಿ ಬಿ350, ಬಿ450, ಬಿ550 ಚಿಪ್‌ಸೆಟ್‌ಗಳು ಅನುಮತಿಸುತ್ತವೆ; ಅಗ್ಗದ ಎ320 ಅನುಮತಿಸುವುದಿಲ್ಲ. ಎಎಂ5ರಲ್ಲಿ ಬಿ650ಕ್ಕೆ ಅನುಮತಿ ಇದೆ, ಎ620ಕ್ಕೆ ಇಲ್ಲ. ಇಂಟೆಲ್‌ನಲ್ಲಿ ‘ಕೆ’ ಪ್ರೊಸೆಸರಿನೊಡನೆ ‘ಝೆಡ್’ ಶ್ರೇಣಿಯ ದುಬಾರಿ ಬೋರ್ಡ್ ಬೇಕಾಗುವುದರಿಂದ ಮಿತವ್ಯಯದ ಓವರ್‌ಕ್ಲಾಕಿಂಗ್ ಅಲ್ಲಿ ಕಷ್ಟಸಾಧ್ಯ.

ಗ್ರಾಫಿಕ್ಸ್: ಕೆಲವು ಅಗ್ಗದ ಪ್ರೊಸೆಸರುಗಳಲ್ಲಿ ತೆರೆಗೆ ಚಿತ್ರ ಮೂಡಿಸುವ ಭಾಗವೇ ಇರುವುದಿಲ್ಲ. ಇಂಟೆಲ್ ಕೋರ್ ಐ3-12100ರಲ್ಲಿ ಅದು ಇದೆ. ಬೆಲೆ ತುಸು ಕಡಿಮೆಯಿರುವ 12100ಎಫ್‌ನಲ್ಲಿ ಇಲ್ಲ. ರೈಜೆನ್ 5 5600ರಲ್ಲಿ ಇಲ್ಲ, 5600ಜಿಯಲ್ಲಿ ಇದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದವರು ಈ ಒಂದು ಅಕ್ಷರವನ್ನು ಗಮನಿಸದೆ ಕೊಂಡರೆ ತೆರೆ ಕಪ್ಪಾಗಿಯೇ ಉಳಿಯುತ್ತದೆ.

ಕೋರ್‌ಗಳು ಮತ್ತು ಬಳಕೆ: ಪದಸಂಸ್ಕರಣೆ, ಲೆಕ್ಕಪತ್ರ, ಅಂತರಜಾಲ ಹಾಗೂ ಆನ್‌ಲೈನ್ ತರಗತಿಗಳಿಗೆ ನಾಲ್ಕು ಕೋರ್‌ಗಳ ಪ್ರೊಸೆಸರ್ ಸಾಕು. ವಿಡಿಯೊ ಸಂಕಲನ, ಪ್ರೋಗ್ರಾಮಿಂಗ್ ಮತ್ತು ಹೊಸ ಆಟಗಳಿಗೆ ಆರು ಕೋರ್‌ಗಳು ಉಪಯುಕ್ತ. ನಾಲ್ಕು ಕೋರ್‌ಗಳನ್ನು ಓವರ್‌ಕ್ಲಾಕ್ ಮಾಡುವುದಕ್ಕಿಂತ, ಕೆಲಸವನ್ನು ಹಂಚಿಕೊಳ್ಳಬಲ್ಲ ತಂತ್ರಾಂಶಗಳಲ್ಲಿ ಆರು ಕೋರ್‌ಗಳನ್ನು ನಿಗದಿತ ವೇಗದಲ್ಲಿ ಬಳಸುವುದೇ ಹೆಚ್ಚು ಫಲದಾಯಕ.

ಕಾರ್ಯಾಚರಣ ವ್ಯವಸ್ಥೆ: ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ರ ಅಧಿಕೃತ ಪಟ್ಟಿ ಬಹುಮಟ್ಟಿಗೆ ಇಂಟೆಲ್‌ನ 8ನೆಯ ತಲೆಮಾರು ಮತ್ತು ರೈಜೆನ್ 2000 ಸರಣಿಯಿಂದ ಆರಂಭವಾಗುತ್ತದೆ. ಅದಕ್ಕಿಂತ ಹಳೆಯ ಪ್ರೊಸೆಸರನ್ನು ಎಷ್ಟು ವೇಗವಾಗಿ ಓಡಿಸಿದರೂ ಅದು ಈ ಪಟ್ಟಿಗೆ ಸೇರದು. ಅಂಥ ಗಣಕಗಳಲ್ಲಿ ಲಿನಕ್ಸ್ ಬಳಸಬಹುದು.

ಹವಾಮಾನದ ಪ್ರಭಾವ

ಓವರ್‌ಕ್ಲಾಕಿಂಗ್ ಕುರಿತ ಬಹುತೇಕ ಬರಹಗಳು ತಂಪು ದೇಶಗಳ ಅಥವಾ ಹವಾನಿಯಂತ್ರಿತ ಕೊಠಡಿಗಳ ಅನುಭವವನ್ನು ಆಧರಿಸಿವೆ. ಕಲ್ಯಾಣ ಕರ್ನಾಟಕದ ಬಯಲುಸೀಮೆಗೆ ಅವು ನೇರವಾಗಿ ಅನ್ವಯಿಸುವುದಿಲ್ಲ. ಪಕ್ಷಿಧಾಮಕ್ಕೆ ಹೆಸರಾದ ಬೋನಾಳ ಇರುವ ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರ ಸೀಮೆಯಲ್ಲಿ ಏಪ್ರಿಲ್ ಮತ್ತು ಮೇ ತಿಂಗಳ ಹಗಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಗಾಳಿಯಿಂದ ತಂಪಾಗುವ ಪ್ರೊಸೆಸರ್ ಎಂದಿಗೂ ಕೋಣೆಯ ಗಾಳಿಗಿಂತ ತಂಪಾಗಲಾರದು. ಕೋಣೆಯ ಉಷ್ಣತೆಗೆ ಪ್ರೊಸೆಸರ್ ಹೊರಸೂಸುವ ಶಾಖದಿಂದಾಗುವ ಏರಿಕೆಯನ್ನು ಕೂಡಿಸಿದರೆ ಅದರ ಉಷ್ಣತೆ ದೊರೆಯುತ್ತದೆ.

ಒಂದು ಸರಳ ಲೆಕ್ಕದಿಂದ ಇದನ್ನು ತಿಳಿಯಬಹುದು. ಪೂರ್ಣ ದುಡಿಮೆಯಲ್ಲಿ ಒಂದು ಪ್ರೊಸೆಸರಿನ ಉಷ್ಣತೆ ಕೋಣೆಗಿಂತ 50 ಡಿಗ್ರಿ ಮೇಲಿರುತ್ತದೆ ಎಂದು ಭಾವಿಸೋಣ. ಕೋಣೆ 25 ಡಿಗ್ರಿ ಇರುವ ಬೆಂಗಳೂರಿನಲ್ಲಿ ಅದು 75 ಡಿಗ್ರಿ ತಲುಪುತ್ತದೆ; ಕೋಣೆ 42 ಡಿಗ್ರಿ ಇರುವ ಬೋನಾಳದಲ್ಲಿ 92 ಡಿಗ್ರಿ. ಈಗ ವೇಗ ಮತ್ತು ವೋಲ್ಟೇಜನ್ನು ಶೇಕಡಾ 10ರಷ್ಟು ಏರಿಸಿದರೆ ಶಾಖ ಮೂರನೆಯ ಒಂದು ಪಾಲು ಹೆಚ್ಚಿ, ಏರಿಕೆ 50ರ ಬದಲು ಸುಮಾರು 66 ಡಿಗ್ರಿಯಾಗುತ್ತದೆ. ಬೆಂಗಳೂರಿನಲ್ಲಿ ಮೊತ್ತ 91 ಡಿಗ್ರಿ; ಬೋನಾಳದಲ್ಲಿ 108 ಡಿಗ್ರಿ. ರೈಜೆನ್ 5 7600ರ ಗರಿಷ್ಠ ಮಿತಿ 95 ಡಿಗ್ರಿ, ಕೋರ್ ಐ3-12100ರದ್ದು 100 ಡಿಗ್ರಿ. ಮಿತಿ ಮುಟ್ಟಿದೊಡನೆ ಪ್ರೊಸೆಸರ್ ತನ್ನ ರಕ್ಷಣೆಗಾಗಿ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಹೀಗೆ ಬೆಂಗಳೂರಿನಲ್ಲಿ ಸಫಲವಾದ ಓವರ್‌ಕ್ಲಾಕಿಂಗ್, ಅದೇ ಪ್ರೊಸೆಸರ್ ಮತ್ತು ಅದೇ ಫ್ಯಾನ್ ಇದ್ದರೂ, ಬೇಸಿಗೆಯ ಬೋನಾಳದಲ್ಲಿ ನಿಷ್ಫಲವಾಗುತ್ತದೆ.

ಇಂಥ ಪ್ರದೇಶಗಳಲ್ಲಿ ಇದರ ವಿರುದ್ಧ ಕ್ರಮವಾದ ಅಂಡರ್‌ವೋಲ್ಟಿಂಗ್ ಹೆಚ್ಚು ಪ್ರಯೋಜನಕಾರಿ. ವೇಗವನ್ನು ಹಾಗೆಯೇ ಇರಿಸಿ ವೋಲ್ಟೇಜನ್ನು ಶೇಕಡಾ 5ರಷ್ಟು ತಗ್ಗಿಸಿದರೆ ಶಾಖ ಸುಮಾರು ಶೇಕಡಾ 10ರಷ್ಟು ಕಡಿಮೆಯಾಗುತ್ತದೆ. ಮೇಲಿನ ಲೆಕ್ಕದಲ್ಲಿ 92 ಡಿಗ್ರಿ ಇದ್ದದ್ದು 87ಕ್ಕೆ ಇಳಿಯುತ್ತದೆ. ಎಲ್ಲ ಬೋರ್ಡುಗಳಲ್ಲಿಯೂ ಈ ಅವಕಾಶವಿರುವುದಿಲ್ಲ. ಇದ್ದಲ್ಲಿ ಇದಕ್ಕೆ ಬಿಡಿಗಾಸೂ ಬೇಕಾಗದು. ಎರೆಭೂಮಿಯ ಸೂಕ್ಷ್ಮ ಧೂಳು ಹೀಟ್‌ಸಿಂಕಿನ ಸಂದುಗಳಲ್ಲಿ ತುಂಬಿಕೊಂಡು ಗಾಳಿಯನ್ನು ತಡೆಯುವುದರಿಂದ, ಬೇಸಿಗೆಗೆ ಮುನ್ನ ಅದನ್ನು ಶುಚಿಗೊಳಿಸಿ, ಒಣಗಿದ ಥರ್ಮಲ್ ಪೇಸ್ಟನ್ನು ಬದಲಿಸುವುದು ಒಳ್ಳೆಯದು.

ವಿದ್ಯುತ್ ಪೂರೈಕೆ

ಓವರ್‌ಕ್ಲಾಕ್ ಮಾಡಿದ ಪ್ರೊಸೆಸರ್ ಹೆಚ್ಚು ವಿದ್ಯುತ್ ಎಳೆಯುವುದರಿಂದ ಗುಣಮಟ್ಟದ ಎಸ್.ಎಂ.ಪಿ.ಎಸ್. ಅವಶ್ಯಕ. ವಿದ್ಯುತ್ ಆಗಾಗ ಹೋಗಿಬರುವ ಊರುಗಳಲ್ಲಿ ಯು.ಪಿ.ಎಸ್. ಕೂಡ ಬೇಕು. ಮನೆಗಳಲ್ಲಿ ಬಳಸುವ 600 ವಿ.ಎ. ಯು.ಪಿ.ಎಸ್. ಸಾಮಾನ್ಯವಾಗಿ 360 ವ್ಯಾಟ್‌ವರೆಗೆ ಮಾತ್ರ ಹೊರುತ್ತದೆ. ಹಳೆಯ ಬೋರ್ಡಿನಲ್ಲಿ ಹೊಸ ಪ್ರೊಸೆಸರ್ ಕೂರಿಸುವ ಮುನ್ನ ಬಯೋಸ್ ತಂತ್ರಾಂಶವನ್ನು ನವೀಕರಿಸಬೇಕಾಗುತ್ತದೆ. ಹಳೆಯ ಪ್ರೊಸೆಸರ್ ಇರುವಾಗಲೇ ಇದನ್ನು ಮಾಡಬೇಕು. ಈ ಕೆಲವು ನಿಮಿಷಗಳಲ್ಲಿ ವಿದ್ಯುತ್ ಕಡಿತವಾದರೆ ಬೋರ್ಡ್ ನಿಷ್ಕ್ರಿಯವಾಗಬಹುದಾದ್ದರಿಂದ ಯು.ಪಿ.ಎಸ್. ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು.

ಉನ್ನತೀಕರಣದ ಕ್ರಮ

ಕಡಿಮೆ ಹಣದಲ್ಲಿ ಹೆಚ್ಚಿನ ಫಲ ಪಡೆಯಲು ಸಾಮಾನ್ಯವಾಗಿ ಈ ಅನುಕ್ರಮವನ್ನು ಅನುಸರಿಸಬಹುದು.

1. ಹಾರ್ಡ್ ಡಿಸ್ಕ್ ಇದ್ದಲ್ಲಿ ಎಸ್.ಎಸ್.ಡಿ. ಅಳವಡಿಸುವುದು. ನಿಧಾನಗತಿಯ ದೂರುಗಳಲ್ಲಿ ಬಹುಪಾಲು ಇಲ್ಲಿಯೇ ಪರಿಹಾರವಾಗುತ್ತವೆ.
2. ರ‍್ಯಾಮನ್ನು 8 ಅಥವಾ 16 ಜಿ.ಬಿ.ಗೆ ಏರಿಸುವುದು, ಸಾಧ್ಯವಾದರೆ ಒಂದೇ ಬಗೆಯ ಎರಡು ಹಲಗೆಗಳನ್ನು ಜೋಡಿಯಾಗಿ ಬಳಸುವುದು.
3. ಇರುವ ಬೋರ್ಡಿಗೇ ಹೊಂದುವ ಉತ್ತಮ ಪ್ರೊಸೆಸರನ್ನು ಕೂರಿಸುವುದು.
4. ಹೀಟ್‌ಸಿಂಕ್ ಮತ್ತು ಪೆಟ್ಟಿಗೆಯ ಗಾಳಿಸಂಚಾರವನ್ನು ಸುಧಾರಿಸುವುದು.
5. ಕೊನೆಯದಾಗಿ, ಅವಕಾಶವಿದ್ದರೆ, ಓವರ್‌ಕ್ಲಾಕಿಂಗ್.

ಮೂರನೆಯ ಹಂತಕ್ಕೆ ಎಎಂ4 ಉತ್ತಮ ನಿದರ್ಶನ. 2017ರಲ್ಲಿ ಬಿ350 ಬೋರ್ಡ್ ಹಾಗೂ ನಾಲ್ಕು ಕೋರ್‌ಗಳ ರೈಜೆನ್ 3 1200 ಕೊಂಡವರು, ಬೋರ್ಡ್ ತಯಾರಕರು ಬಯೋಸ್ ಒದಗಿಸಿದ್ದರೆ, ಅದೇ ಬೋರ್ಡಿನಲ್ಲಿ ಆರು ಕೋರ್ ಮತ್ತು ಹನ್ನೆರಡು ಥ್ರೆಡ್‌ಗಳ ರೈಜೆನ್ 5 5600 ಅಳವಡಿಸಬಹುದು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಎರಡಕ್ಕೂ ಬೇಕಾಗುವುದರಿಂದ ಹಳೆಯದನ್ನೇ ಮುಂದುವರಿಸಬಹುದು. ಎರಡೂ 65 ವ್ಯಾಟ್ ವರ್ಗದವು. ಹಳೆಯದನ್ನು ಎಷ್ಟೇ ಓವರ್‌ಕ್ಲಾಕ್ ಮಾಡಿದರೂ ದೊರೆಯದ ಸಾಮರ್ಥ್ಯ ಈ ಬದಲಾವಣೆಯಿಂದ ದೊರೆಯುತ್ತದೆ; ವಿಂಡೋಸ್ 11ರ ಪಟ್ಟಿಯೊಳಗೂ ಬಂದಂತಾಗುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆ ಮತ್ತು ಸಿಕಂದರಾಬಾದಿನ ಚಿನಾಯ್ ಟ್ರೇಡ್ ಸೆಂಟರ್ ಗಣಕದ ಬಿಡಿಭಾಗಗಳಿಗೆ ಹೆಸರಾದ ಮಾರುಕಟ್ಟೆಗಳು. ಪೆಟ್ಟಿಗೆಸಹಿತ ಮಾರುವ ಪ್ರೊಸೆಸರುಗಳಿಗೆ ಸಾಮಾನ್ಯವಾಗಿ ಮೂರು ವರ್ಷಗಳ ತಯಾರಕರ ಖಾತರಿ ಇರುತ್ತದೆ. ಪೆಟ್ಟಿಗೆಯಿಲ್ಲದೆ ಬಿಡಿಯಾಗಿ ಮಾರುವವಕ್ಕೆ ಆ ಖಾತರಿ ಇರದಿರಬಹುದು. ರಸೀದಿ ಪಡೆಯುವುದು ಅವಶ್ಯ.

ಪರೀಕ್ಷೆ ಮತ್ತು ಅಪಾಯಗಳು

ಓವರ್‌ಕ್ಲಾಕ್ ಮಾಡುವವರು ವೇಗವನ್ನು ಒಮ್ಮೆಲೇ ಏರಿಸದೆ ಸ್ವಲ್ಪ ಸ್ವಲ್ಪವಾಗಿ ಏರಿಸಿ, ಪ್ರತಿ ಹಂತದಲ್ಲಿಯೂ ಪೂರ್ಣ ದುಡಿಮೆಯ ಪರೀಕ್ಷಾ ತಂತ್ರಾಂಶವನ್ನು ಓಡಿಸಿ ಉಷ್ಣತೆಯನ್ನು ಗಮನಿಸಬೇಕು. ಡಿಸೆಂಬರಿನ ರಾತ್ರಿ ಉತ್ತೀರ್ಣವಾದ ವೇಗ ಮೇ ತಿಂಗಳ ಮಧ್ಯಾಹ್ನ ಅನುತ್ತೀರ್ಣವಾಗಬಹುದು. ಆದ್ದರಿಂದ ಅತ್ಯಂತ ಬಿಸಿಯಾದ ಹೊತ್ತಿನಲ್ಲಿ ನಡೆಸಿದ ಪರೀಕ್ಷೆಯೇ ವಿಶ್ವಾಸಾರ್ಹ. ಗಣಕ ಆರಂಭವಾಗದಿದ್ದರೆ ಬೋರ್ಡಿನ ಸಿಮಾಸ್ ಮರುಹೊಂದಿಕೆಯಿಂದ ಮೂಲಸ್ಥಿತಿಗೆ ಮರಳಬಹುದು. ಮಿತಿಮೀರಿದ ವೋಲ್ಟೇಜ್ ಪ್ರೊಸೆಸರಿನ ಆಯುಷ್ಯವನ್ನು ಕುಂದಿಸುತ್ತದೆ, ಮತ್ತು ಓವರ್‌ಕ್ಲಾಕಿಂಗ್‌ನಿಂದಾದ ಹಾನಿಗೆ ಎ.ಎಂ.ಡಿ. ಖಾತರಿ ಅನ್ವಯಿಸುವುದಿಲ್ಲ. ಇದಕ್ಕಿಂತ ಗಂಭೀರವಾದದ್ದು ದತ್ತಾಂಶದ ಹಾನಿ. ಅಸ್ಥಿರ ಪ್ರೊಸೆಸರ್ ಯಾವ ಸೂಚನೆಯನ್ನೂ ನೀಡದೆ ಕಡತಗಳನ್ನು ಕೆಡಿಸಬಲ್ಲದು. ಸುಟ್ಟ ಪ್ರೊಸೆಸರಿಗೆ ಬದಲಿ ಸಿಗುತ್ತದೆ, ವರ್ಷವಿಡೀ ಬರೆದ ಪ್ರಬಂಧ ಕೆಟ್ಟರೆ ಸಿಗುವುದಿಲ್ಲ. ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ಉಳಿಸಿಕೊಂಡ ನಂತರವೇ ಇಂಥ ಪ್ರಯೋಗ ಆರಂಭಿಸಬೇಕು.